ಕಲಬುರಗಿ ಬಿಸಿಲಾಗ ಅಜೇಲಿಯಾ: ಹುಮನಾಬಾದ್ ರೋಡಿನ ನರ್ಸರಿ ಬಗ್ಗೆ ಒಂದು ವರ್ಷ ಆದ್ಮ್ಯಾಲ ಬರ್ದ ರಿವ್ಯೂ

ಒಂದ್ ಸಲ ಹೋಗಿ ಬಂದು ಸಂಜಿಗಿ ಕುಂತು ರಿವ್ಯೂ ಬರ್ದುಬಿಡೋದು ನನಗ ಸರಿ ಅನಸ್ಲಿಲ್ಲ. ಗಿಡದ ವಿಷಯದಾಗ ಅಂತೂ ಬ್ಯಾಸಗಿ ದಾಟೂ ತನಕ ಏನೂ ಹೇಳ್ಲಿಕ್ಕೆ ಬರಂಗಿಲ್ಲ. ಹೋದ ವರ್ಷ ಡಿಸೆಂಬರ್ ಮೊದಲ್ನೇ ವಾರದಾಗ ಈ ನರ್ಸರಿಯಿಂದ ಒಂದು ಅಜೇಲಿಯಾ, ಅಂದ್ರ ತಂಪು ಹವಾ ಬೇಡೋ ಹೂವಿನ ಗಿಡ, ತಂದೀನಿ, ಅದನ್ನ ಪೂರಾ ಒಂದು ಕಲಬುರಗಿ ಬ್ಯಾಸಗಿ ದಾಟಿಸೀನಿ, ಈಗ ಮತ್ತ ತುದಿಗಿ ಮೊಗ್ಗಿ ಕಾಣ್ಲಿಕತ್ತಾವ, ಹಂಗಾಗಿ ಈಗ ಬರಿಲಿಕ್ಕೆ ಕುಂತೀನಿ.

ಜಾಗ ಹೇಳ್ತೀನಿ. ಹುಮನಾಬಾದ್ ರೋಡಿಗಿ ರಿಂಗ್ ರೋಡ್ ದಾಟಿ ಜರಾ ಮುಂದ ಹೋದ್ರ ಎಡಗಡಿ ಒಂದು ತಗಡಿನ ಗೇಟ್ ಬರ್ತದ, ಬೋರ್ಡ್ ಬಿಸಿಲಿಗಿ ಬಣ್ಣ ಹೋಗಿ ಓದ್ಲಿಕ್ಕೆ ಬರಂಗಿಲ್ಲ, ಎದುರ್ಗ ಕಬ್ಬಿನ ಹಾಲಿನ ಬಂಡಿ ನಿಂತಿರ್ತದ, ಅದೇ ಗುರ್ತು. ಮುಂದಿನ ಭಾಗ ಎಲ್ಲಾ ದಾಸಾಳ, ಗುಲಾಬಿ, ಕ್ರೋಟನ್, ಕರಿಬೇವು, ನಿಂಬಿ. ಹಿಂದ ಹಸಿರು ನೆಟ್ ಕಟ್ಟಿದ ಚಪ್ಪರ, ಅದರ ಕೆಳಗ ತಂಪು ಬೇಡೋ ಗಿಡ. ಮಾಲಕರು ನಲವತ್ತರ ಆಸುಪಾಸಿನವರು, ಪುಣೆ ಕಡಿ ನರ್ಸರಿದಾಗ ಭಾಳ ವರ್ಷ ಕೆಲಸ ಮಾಡಿ ಬಂದವರು. ಜೊತಿಗಿ ಒಬ್ರು ವಯಸ್ಸಾದ ಮಾಲಿ ಅದಾರ, ಎಲ್ಲಾರೂ ಚಾಚಾ ಅಂತಾರ, ನಾನೂ ಚಾಚಾ ಅಂತೀನಿ.

ನಾ ಅಲ್ಲಿಗಿ ಹೋಗಿದ್ದು ರೋಡೋಡೆಂಡ್ರಾನ್ ಕೇಳ್ಲಿಕ್ಕೆ. ಅದರ ಹುಚ್ಚು ಹತ್ತಿದ್ದು ಊಟಿದಾಗ. ಎರಡು ವರ್ಷದ ಹಿಂದ ಫೆಬ್ರವರಿದಾಗ ನಮ್ಮ ಮನಿಯವರ ಎಲ್‌ಟಿಸಿ (ನೌಕರರಿಗಿ ಪ್ರವಾಸಕ್ಕ ಸಿಗೋ ರೊಕ್ಕ) ಮ್ಯಾಲ ಎಲ್ಲಾರೂ ಹೋಗಿದ್ವಿ, ದೊಡ್ಡಬೆಟ್ಟದಾಗ ಗಾಳಿ ಎಷ್ಟಿತ್ತಂದ್ರ ಮೈಮ್ಯಾಲ ಶಾಲು ನಿಲ್ತಿದ್ದಿಲ್ಲ, ಮಕ್ಕಳು ದುರ್ಬೀನ್ ನೋಡ್ಲಿಕ್ಕೆ ಓಡಿದ್ರು, ನಾ ದಾರಿ ಬಾಜು ಒಂದು ಗಿಡದ ಕೆಳಗ ನಿಂತೆ. ತಿರುಚಿದ ಬೊಡ್ಡಿ, ಒರಟು ತೊಗಟಿ, ಟೊಂಗಿ ತುದಿಗಿ ಮುಷ್ಟಿಗಿಂತ ದೊಡ್ಡದು ಕೆಂಪು ಗೊಂಚಲ. ಒಂದು ಗೊಂಚಲ ಕೆಳಗ ಬಿದ್ದಿತ್ತು, ಎತ್ತಿಕೊಂಡು ನೋಡಿದೆ. ಒಂದೊಂದು ಹೂವು ಸಣ್ಣ ಗಂಟಿ ಇದ್ದಂಗ, ಗಂಟಿ ತಳದಾಗ ಕಪ್ಪಗೆ ಕೆಂಪಗೆ ಚುಕ್ಕಿ, ಮುಟ್ಟಿದ್ರ ಬೆರಳಿಗಿ ಸಿಹಿ ಅಂಟ್ತದ. ಎಲಿ ತೊಗಲಿನಂಗ ದಪ್ಪ, ಮ್ಯಾಲ ಕಡು ಹಸಿರು, ತಿರುವಿದ್ರ ಹಿಂದ ಕಂದು ಬಣ್ಣದ ನಯಾ ಜೂಲು. ಅಲ್ಲೇ ಒಬ್ಬ ಫಾರೆಸ್ಟ್ ಗಾರ್ಡ್ ನಿಂತಿದ್ರು, ಹೆಸರು ಕೇಳಿದೆ, ರೋಡೋಡೆಂಡ್ರಾನ್ ಅಂದ್ರು. ಅವತ್ತಿನಿಂದ ಆ ಹೆಸರು ತಲಿಯಿಂದ ಹೋಗಿಲ್ಲ.

ಮನಿಗಿ ಬಂದು ಓದ್ಕೋತ ಹೋದೆ. ಇದೇ ಜಾತಿ ಗಿಡ ಹಿಮಾಲಯದಾಗ ಕಾಡು ಕಾಡೇ ಅದ, ಅಲ್ಲಿ ಬುರಾಂಶ್ ಅಂತಾರ, ಉತ್ತರಾಖಂಡದ ರಾಜ್ಯ ಮರ ಅದು, ಅದರ ಹೂವಿನ ಶರಬತ್ ಮಾಡಿ ಕುಡೀತಾರ. ನೇಪಾಳದಾಗ ಲಾಲಿ ಗುರಾಂಸ್ ಅಂತಾರ, ಅವರ ರಾಷ್ಟ್ರೀಯ ಹೂವೇ ಅದು. ನಾಗಾಲ್ಯಾಂಡಿನ ಜಾಫು ಬೆಟ್ಟದಾಗ ಒಂದು ನೂರು ಅಡಿಗಿಂತ ಎತ್ತರ ಬೆಳೆದು ಗಿನ್ನೆಸ್ ದಾಖಲಿಗಿ ಹೋಗ್ಯಾದ. ಮುಂದ ಓದಿದ್ದು ನನಗ ಭಾಳ ವಿಚಿತ್ರ ಅನಿಸ್ತು. ಹಿಮಾಲಯ ಬಿಟ್ರ ಇದು ಒಮ್ಮಿಗೇ ನೀಲಗಿರಿ, ಆನೈಮಲೈ, ಪಳನಿ ಬೆಟ್ಟ, ಅದರಾಚಿಗಿ ಶ್ರೀಲಂಕಾದ ಎತ್ತರದಾಗ ಕಾಣ್ತದ, ನಡುವಿನ ಡೆಕ್ಕನ್ ಬಯಲಿನಾಗ ತಾನಾಗಿ ಎಲ್ಲೂ ಬೆಳಿಯಂಗಿಲ್ಲ. ಆ ನಡುವಿನ ಖಾಲಿ ಜಾಗದಾಗೇ ನಮ್ಮ ಕಲಬುರಗಿ ಅದ.

ಇಷ್ಟು ಓದಿದ್ರೂ ಮನಸ್ಸು ಕೇಳ್ಲಿಲ್ಲ. ಆನ್‌ಲೈನ್‌ನಾಗ ಒಂದು ಕಡಿ, ಹೆಸರು ಬ್ಯಾಡ, ಹಿಮಾಲಯದ ಕೆಂಪು ರೋಡೋಡೆಂಡ್ರಾನ್, ಎಲ್ಲಾ ಹವಾಮಾನಕ್ಕೂ ಹೊಂದ್ತದ ಅಂತ ಬರ್ದಿದ್ರು, 899 ರೂಪಾಯಿ ಕೊಟ್ಟು ತರಿಸಿದೆ. ಡಬ್ಬಿ ತೆಗದ್ರ ಒಂದು ಗೇಣು ಕಡ್ಡಿ, ನಾಕು ಎಲಿ, ಬೇರಿಗಿ ಒಣಗಿದ ಪಾಚಿ ಸುತ್ತಿದ್ರು. ಅಂಗಳದಾಗ ತುಳಸಿಕಟ್ಟಿ ಬಾಜು ಎರಿ ಮಣ್ಣಿನಾಗ ಹಚ್ಚಿದೆ. ಹದಿನೈದು ದಿನದಾಗ ಎಲಿ ಹಳದಿ ಆಗ್ಲಿಕ್ಕೆ ಶುರು ಆತು, ಹಳದಿ ಅಂದ್ರ ಪೂರಾ ಹಳದಿ ಅಲ್ಲ, ನರ ಹಸಿರು, ನರದ ನಡುವ ಹಳದಿ. ನಮ್ಮ ಅತ್ತಿ ಒಲಿ ಬೂದಿ ಹಾಕು ಅಂದ್ರು, ಹಾಕಿದೆ. ಯಾರೋ ತತ್ತಿ ಸಿಪ್ಪಿ ಪುಡಿ ಹಾಕು ಅಂದ್ರು, ಅದನ್ನೂ ಹಾಕಿದೆ. ಉಗಾದಿ ಬರೂದ್ರಾಗ ಕಡ್ಡಿ ಒಣಗಿ ಹೋತು. ಕಿತ್ತು ತೆಗಿಯೋವಾಗ ಖರೇನ ಕಣ್ಣಾಗ ನೀರು ಬಂತು, ರೊಕ್ಕಕ್ಕ ಅಲ್ಲ, ಬೆಟ್ಟದಾಗ ಆರಾಮ ಇರೋ ಗಿಡ ತಂದು ಸಾಯಿಸಿದೆ ಅಂತ.

ಆಮ್ಯಾಲ ಈ ನರ್ಸರಿಗಿ ಹೋದೆ. ಕೈಯಾಗ ಆ ಒಣಗಿದ ಗಿಡದ ಫೋಟೋ, ಪ್ಲಾಸ್ಟಿಕ್ ಚೀಲದಾಗ ಒಂದು ಮುಷ್ಟಿ ನಮ್ಮ ಅಂಗಳದ ಮಣ್ಣು. ಇನ್ನೊಂದು ರೋಡೋಡೆಂಡ್ರಾನ್ ತರಿಸಿ ಕೊಡ್ರಿ, ಎಷ್ಟಾದ್ರೂ ಆಗ್ಲಿ ಅಂದೆ. ಮಾಲಕರು ಫೋಟೋ ನೋಡಿದ್ರು, ಏನೂ ಅನ್ನಲಿಲ್ಲ, ಹುಡುಗನ್ನ ಕರ್ದು ಬಾಜು ಗೋಬಿ ಬಂಡಿಯಿಂದ ಜರಾ ವಿನೆಗರ್ ಇಸಕೊಂಡ್ ಬಾ ಅಂದ್ರು. ಒಂದು ಡಬ್ಬಿ ಮುಚ್ಚಳದಾಗ ನಮ್ಮ ಮಣ್ಣು ಹಾಕಿದ್ರು, ಅದರ ಮ್ಯಾಲ ವಿನೆಗರ್ ಸುರಿದ್ರು. ಸುರ್ ಅಂತ ಸಪ್ಪಳ ಬಂತು, ಸಣ್ಣ ಸಣ್ಣ ಬುರುಗು ಎದ್ದು ಮುಚ್ಚಳದ ಅಂಚಿನ ತನಕ ಬಂತು, ನಡುವ ಇದ್ದ ಒಂದು ಬಿಳಿ ಹರಳು ಅಂತೂ ಕುದ್ದಂಗ ಕುದೀತು. ಇನ್ನೊಂದು ಮುಚ್ಚಳದಾಗ ಮೂಲ್ಯಾಗಿನ ಚೀಲದಿಂದ ಕೆಂಪು ಮಣ್ಣು ತೆಗದು ಹಾಕಿ ಅದಕ್ಕೂ ಸುರಿದ್ರು. ಸುಮ್ನ ನೀರು ಹೀರಿಕೊಂಡು ಕುಂತ್ಕೊಂತು, ಒಂದು ಗುಳ್ಳಿ ಇಲ್ಲ.

"ನೋಡ್ರಿ ಅಕ್ಕಾರ, ನಿಮ್ಮ ಮಣ್ಣಾಗ ಸುಣ್ಣ ಅದ. ಆ ಗಿಡಕ್ಕ ಸುಣ್ಣ ಅಂದ್ರ ವಿಷ ಇದ್ದಂಗ. ನೀವು ಹತ್ತು ಸಾವಿರ ಕೊಟ್ರೂ ಅದು ಅಂಗಳದಾಗ ಬರಂಗಿಲ್ಲ, ನಾ ಮಾರಂಗಿಲ್ಲ" ಅಂದ್ರು.

ನನಗ ಈ ನರ್ಸರಿ ಮ್ಯಾಲ ಭರೋಸಾ ಬಂದದ್ದು ಆ ಮಾತಿಗಿ. ರೊಕ್ಕ ಹಿಡಕೊಂಡು ನಿಂತ ಗಿರಾಕಿಗಿ ಬರಂಗಿಲ್ಲ ಅಂತ ಹೇಳೋರು ಎಷ್ಟು ಮಂದಿ ಅದಾರ ಹೇಳ್ರಿ.

ಮುಂದ ಅವರು ಹೇಳಿದ್ದೂ ನಾ ಓದಿ ಖಾತ್ರಿ ಮಾಡ್ಕೊಂಡದ್ದೂ ಸೇರ್ಸಿ ಬರೀತೀನಿ, ಇದು ಗೊತ್ತಿದ್ರ ನನ್ನ ಮೊದಲ್ನೇ ಗಿಡಕ್ಕ ಆ ಗತಿ ಬರ್ತಿದ್ದಿಲ್ಲ. ರೋಡೋಡೆಂಡ್ರಾನ್ ಜಾತಿಗಿ ಹುಳಿ ಮಣ್ಣು ಬೇಕು, ಪಿಎಚ್ (ಮಣ್ಣಿನ ಹುಳಿ ಅಳಿಯೋ ನಂಬರ್, ಕಡಿಮಿ ಇದ್ದಷ್ಟು ಹುಳಿ ಹೆಚ್ಚು) 4.5ರಿಂದ 6ರ ಒಳಗ. ನಾ ಆಮ್ಯಾಲ ಆಳಂದ ರೋಡಿನ ಅಗ್ರಿಕಲ್ಚರ್ ಕಾಲೇಜಿನಾಗ ನಮ್ಮ ಮಣ್ಣು ಟೆಸ್ಟ್ ಮಾಡ್ಸಿದೆ, 8.3 ಬಂತು. ನೋಡ್ಲಿಕ್ಕೆ ಎರಡು ಮೂರು ನಂಬರಿನ ಫರಕ್ ಅನಸ್ತದ, ಆದ್ರ ಪಿಎಚ್‌ನಾಗ ಒಂದೊಂದು ನಂಬರಿಗಿ ಹತ್ತು ಪಟ್ಟು ಫರಕ್, ಅಂದ್ರ 5.3 ಮಣ್ಣಿಗೂ ನಮ್ಮ ಮಣ್ಣಿಗೂ ಸಾವಿರ ಪಟ್ಟು. ಇಂಥ ಮಣ್ಣಾಗ ಕಬ್ಬಿಣ ಇದ್ರೂ ಅದು ಕರಗಂಗಿಲ್ಲ, ಗಿಡದ ಬೇರಿಗಿ ಸಿಗಂಗಿಲ್ಲ, ಅದಕ್ಕ ನರ ಹಸಿರು ಉಳಿದು ಎಲಿ ಹಳದಿ ಆಗ್ತದ. ತಾಟಿನ ಮುಂದ ಕುಂತೂ ಉಪಾಸ ಇದ್ದಂಗ. ಅದರ ಮ್ಯಾಲ ನಾ ಬೂದಿ, ತತ್ತಿ ಸಿಪ್ಪಿ ಹಾಕಿ ಸುಣ್ಣ ಇನ್ನೂ ಹೆಚ್ಚು ಮಾಡಿದ್ದೆ. ಇನ್ನೊಂದು, ಈ ಗಿಡದ ಬೇರು ಕೂದ್ಲಿನಂಗ ಸಣ್ಣವು, ಮ್ಯಾಲ ಮ್ಯಾಲೇ ಹರಡ್ತಾವ, ನಮ್ಮ ಎರಿ ಭೂಮಿ ಮಳಿಗಾಲದಾಗ ಹಸಿ ಹಿಡದು ಬಿಗೀತದ, ಬ್ಯಾಸಗಿಗಿ ಕೈ ಹೋಗೋ ಅಷ್ಟು ಬಿರುಕು ಬಿಡ್ತದ, ಆ ಬಿರುಕಿನಾಗ ಇಂಥ ಬೇರು ಹರದು ಹೋಗ್ತಾವ. ತೊಗರಿಗಿ ಜೋಳಕ್ಕ ಬಂಗಾರದಂಥ ಮಣ್ಣು ಇದು, ಈ ಗಿಡಕ್ಕ ಮಾತ್ರ ಅಲ್ಲ.

ಸುಣ್ಣ ಎಲ್ಲಿಂದ ಬಂತು ಅಂತ ನಾವು ದೂರ ಹೋಗಿ ಹುಡುಕೋದು ಬ್ಯಾಡ, ಮನ್ಯಾಗ ಕಾಲ ಕೆಳಗೇ ಅದ. ಶಹಾಬಾದ್ ಫರಸಿ ಅಂದ್ರ ಸುಣ್ಣದ ಕಲ್ಲೇ, ವಾಡಿ, ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿ ಬಂದದ್ದೂ ಆ ಕಲ್ಲಿನ ಸಲುವಾಗೇ. ನೀರು ಕಾಸೋ ಪಾತ್ರಿ ತಳದಾಗ ಬಿಳಿ ಪದರ ಕೂಡ್ತದಲ್ಲ, ಅದೇ ನೀರು ನಾವು ಗಿಡಕ್ಕ ಹಾಕ್ತೀವಿ. ಮಾಲಕರ ಹತ್ರ ಇದ್ದ ಆ ಕೆಂಪು ಮಣ್ಣು ಬೀದರ್ ಕಡಿಯದು. ಬೀದರ್ ಊರು ನಿಂತದ್ದೇ ಜಂಬಿಟ್ಟಿಗಿ ಕಲ್ಲಿನ ಮ್ಯಾಲ, ನೆಲದ ಕೆಳಗ ನೀರು ತರೋ ಅಲ್ಲಿಯ ಹಳೀ ಕರೇಜ್ ಸುರಂಗ ಕೊರದದ್ದೂ ಅದೇ ಕಲ್ಲಾಗ, ಆ ಕಲ್ಲು ಕರಗಿ ಆದ ಮಣ್ಣಾಗ ಸುಣ್ಣ ಇರಂಗಿಲ್ಲ. ನಮ್ಮ ಜಿಲ್ಲಾ ದಾಟಿ ನೂರು ಕಿಲೋಮೀಟರ್ ಹೋದ್ರ ಮಣ್ಣಿನ ಗುಣಾನೇ ಬದಲಾಗ್ತದ ಅಂತ ನನಗ ಇಷ್ಟು ವರ್ಷ ಇಲ್ಲಿದ್ದೂ ಗೊತ್ತಿದ್ದಿಲ್ಲ.

ಆಮ್ಯಾಲ ಅವರೇ ಹಿಂದಿನ ಚಪ್ಪರಕ್ಕ ಕರ್ಕೊಂಡು ಹೋಗಿ ಅಜೇಲಿಯಾ ತೋರಿಸಿದ್ರು. ಇದನ್ನ ಕುಂಡದಾಗ ಇಟ್ಟು ಮಣ್ಣು, ನೀರು, ನೆರಳು ಮೂರೂ ನಾವೇ ಕೊಟ್ರ ಉಳೀತದ, ಆದ್ರ ಈಗ ಬ್ಯಾಡ, ಬ್ಯಾಸಗಿ ಮುಂದ ಅದ, ಡಿಸೆಂಬರಿಗಿ ಬರ್ರಿ ಅಂದ್ರು. ಬರಿಗೈಲೆ ಮನಿಗಿ ಕಳಿಸಿದ್ರು. ನಾ ಎಂಟು ತಿಂಗಳು ಕಾದೆ.

ಆ ಎಂಟು ತಿಂಗಳದಾಗ ಓದಿದ್ದು ಭಾಳ ಅದ. ಅಜೇಲಿಯಾ ಅಂದ್ರನೂ ರೋಡೋಡೆಂಡ್ರಾನೇ. 1753ರಾಗ ಲಿನೇಯಸ್ ಎರಡನ್ನೂ ಬ್ಯಾರೆ ಬ್ಯಾರೆ ಕುಲ ಅಂತ ಬರ್ದಿದ್ದ, ಮುಂದ ಬಂದ ಸಸ್ಯಶಾಸ್ತ್ರದವರು ಎರಡೂ ಒಂದೇ ಅಂತ ಕೂಡಿಸಿದ್ರು, ಈಗ ಆ ಒಂದೇ ಕುಲದಾಗ ಸಾವಿರಕ್ಕಿಂತ ಹೆಚ್ಚು ಜಾತಿ ಅವ. ಅಜೇಲಿಯಾ ಅನ್ನೋ ಹೆಸರು ಬಂದದ್ದು ಒಣ ಅನ್ನೋ ಅರ್ಥದ ಗ್ರೀಕ್ ಮಾತಿನಿಂದ, ಆದ್ರ ಬೇರು ಒಂದು ದಿನ ಪೂರಾ ಒಣಗಿದ್ರ ಸಾಕು ಈ ಗಿಡದ ಎಲಿ ಬಾಡ್ತಾವ. ನಾ ತಂದ ಕುಂಡದ ಮ್ಯಾಲ ಇಂಡಿಯನ್ ಅಜೇಲಿಯಾ ಅಂತ ಚೀಟಿ ಇತ್ತು, ಅದೂ ತಪ್ಪು ಹೆಸರೇ, ಮೂಲ ಚೀನಾದ್ದು. ಪೂರ್ವದ ದೇಶದ್ದೆಲ್ಲಾ ಆಗ ಯುರೋಪಿನವರಿಗಿ ಇಂಡೀಸ್ ಆಗಿತ್ತು, ಆ ಹೆಸರು ಹಂಗೇ ಉಳೀತು. ಬೆಲ್ಜಿಯಂ ದೇಶದ ಘೆಂಟ್ ಊರಿನ ಸುತ್ತ ಇದನ್ನ ಬೆಳಸೋದೇ ದೊಡ್ಡ ದಂಧೆ ಆತು. ಚಳಿಗಾಲದಾಗ ಮನಿ ಒಳಗ ಹೂ ಬಿಡೋ ಕುಂಡದ ಗಿಡ ಅಂತ ಅದು ಜಗತ್ತಿಗೆಲ್ಲಾ ಹೋತು, ಹಂಗ ತಿರುಗ್ಯಾಡಿ ತಿರುಗ್ಯಾಡಿ ನಮ್ಮ ಹುಮನಾಬಾದ್ ರೋಡಿಗೂ ಬಂದದ. ಜಪಾನಿನ ಕುರುಮೆ ಅನ್ನೋ ಊರಿನ ಸಣ್ಣ ಹೂವಿನ ಅಜೇಲಿಯಾ ಬ್ಯಾರೆ, ವಿಲ್ಸನ್ ಅನ್ನೋ ಗಿಡ ಹುಡುಕೋ ಮನುಷ್ಯ 1918ರಾಗ ಅಲ್ಲಿ ಹೋಗಿ ಐವತ್ತು ತರದ್ದು ಆರಿಸಿ ಅಮೆರಿಕಕ್ಕ ಕಳಿಸಿದ.

ದೊಡ್ಡಬೆಟ್ಟದ ಕೆಂಪು ಗಿಡದ ಕತಿ ಇನ್ನೂ ದೊಡ್ಡದು. 1796ರಾಗ ಕ್ಯಾಪ್ಟನ್ ಹಾರ್ಡ್‌ವಿಕ್ ಅನ್ನೋ ಕಂಪನಿ ಸೈನ್ಯದ ಅಧಿಕಾರಿ ಗಢವಾಲದ ಕಡಿ ಹೋದಾಗ ಈ ಮರ ನೋಡಿ ಬರ್ದಿಟ್ಟ. ಬೀಜ ಇಂಗ್ಲೆಂಡಿಗಿ ಕಳಸೋದು ಹೆಂಗ? ಹಡಗಿನಾಗ ಆಫ್ರಿಕಾ ಸುತ್ತಿ ತಿಂಗಳಗಟ್ಲೆ ಹೋಗಬೇಕು, ಸೆಕಿಗಿ ಬೀಜ ಕೆಡ್ತಿದ್ದವು. ಕಲ್ಕತ್ತಾದ ಬೊಟಾನಿಕಲ್ ಗಾರ್ಡನ್ ನೋಡ್ಕೋತಿದ್ದ ವಾಲಿಚ್ ಕಂದು ಸಕ್ರಿ ತುಂಬಿದ ಡಬ್ಬಿದಾಗ ಬೀಜ ಹೂತು ಕಳಿಸಿದ, ಅವು ಜೀವ ಹಿಡಕೊಂಡು ಹೋಗಿ ಮುಟ್ಟಿದ್ವು. ಈ ಮಾತು ನಾ ಚಾಚಾಗ ಹೇಳಿದಾಗ ಅವರು ಕೈಯಾಗಿನ ಖುರ್ಪಿ ಕೆಳಗಿಟ್ಟು "ಬೆಲ್ಲದ ಪುಡಿದಾಗ ಬೀಜ? ಇರುವಿ ಹತ್ತಲಿಲ್ಲೇನು?" ಅಂತ ಕೇಳಿದ್ರು. ಅದಕ್ಕ ನನ್ನ ಹತ್ರ ಜವಾಬು ಇದ್ದಿಲ್ಲ. ಮುಂದಿನ ವಾರ ಹೋದಾಗ ಅವರೇ ಒಂದು ಹಳೀ ಹಾರ್ಲಿಕ್ಸ್ ಬಾಟ್ಲಿದಾಗ ಬೆಲ್ಲ ತುಂಬಿ ನಡುವ ಸದಾಪುಷ್ಪದ ಬೀಜ ಹೂತು ಇಟ್ಟಿದ್ರು, ಮಳಿಗಾಲಕ್ಕ ಹಾಕಿ ನೋಡ್ತೀನಿ ಅಂದ್ರು. ಜುಲೈದಾಗ ಹಾಕಿದ್ರು, ಹುಟ್ಟಿದ್ವು, ನಾನೇ ಕಣ್ಣಾರೆ ನೋಡೀನಿ.

ಆ ಕೆಂಪು ಮರ ಇಂಗ್ಲೆಂಡಿನಾಗ ಮೊದಲ್ನೇ ಸಲ ಹೂ ಬಿಟ್ಟದ್ದು 1825ರಾಗ, ಹ್ಯಾಂಪ್‌ಶೈರಿನ ಒಂದು ಬಂಗಲಿ ತೋಟದಾಗ. ಆದ್ರ ಅದಕ್ಕ ಒಂದು ತೊಂದ್ರಿ ಇತ್ತು. ಹಿಮಾಲಯದ ಲೆಕ್ಕದಾಗ ಅದು ವಸಂತ ಬರೂ ಮೊದ್ಲೇ ಹೂ ಬಿಡ್ತದ, ಅಲ್ಲಿ ಆ ಹೊತ್ತಿಗಿ ಮಂಜು ಬಿದ್ದು ಮೊಗ್ಗಿ ಸುಟ್ಟು ಹೋಗ್ತಿದ್ವು. ಅದಕ್ಕ ತೋಟದವರು ಇದರ ಪರಾಗ ತಗೊಂಡು ಅಮೆರಿಕದ ಗಟ್ಟಿ ರೋಡೋಡೆಂಡ್ರಾನ್, ಕಪ್ಪು ಸಮುದ್ರದ ಕಡಿಯ ಪಾಂಟಿಕಮ್ ಅನ್ನೋ ರೋಡೋಡೆಂಡ್ರಾನ್, ಇವುಗಳ ಮಿಶ್ರ ತಳಿಗಿ ಕೂಡಿಸಿದ್ರು. ಹೈಕ್ಲೇರ್ ಅನ್ನೋ ಅರಮನಿ ತೋಟದಾಗ 1826ರಾಗ ಹಂಗ ಮಾಡಿದ ಗಿಡ ಐದು ವರ್ಷಕ್ಕ ಹೂ ಬಿಡ್ತು. ಬಣ್ಣ ನಮ್ಮ ಹಿಮಾಲಯದ್ದು, ಚಳಿ ತಡಿಯೋ ಶಕ್ತಿ ಆ ಗಿಡಗಳದ್ದು. ಇವತ್ತು ಯುರೋಪಿನ ತೋಟದಾಗ ಕಾಣೋ ಕೆಂಪು ರೋಡೋಡೆಂಡ್ರಾನ್ ಬಹಳಷ್ಟಕ್ಕ ಮೂಲ ಈ ಮರದ ರಕ್ತವೇ.

ಇದಾದ್ಮ್ಯಾಲ ಇಂಗ್ಲೆಂಡಿನ ಸಸ್ಯಶಾಸ್ತ್ರದವ ಜೋಸೆಫ್ ಹೂಕರ್ ಬಂದ. 1848ರಾಗ ಡಾರ್ಜಿಲಿಂಗ್ ಮುಟ್ಟಿ ಅಲ್ಲಿಯ ಲೆಪ್ಚಾ ಬುಡಕಟ್ಟಿನ ಮಂದಿ ಜೋಡಿ ಸಿಕ್ಕಿಂ ಬೆಟ್ಟ ಹತ್ತಿದ, 1849ರಾಗ ಸಿಕ್ಕಿಂ ದಿವಾನರ ಕಡಿಯವರು ಅವನ್ನೂ ಡಾರ್ಜಿಲಿಂಗ್ ಅಧಿಕಾರಿ ಕ್ಯಾಂಪ್‌ಬೆಲ್‌ನನ್ನೂ ಹಿಡದು ಕೈದು ಮಾಡಿದ್ರು, ಬಿಡಿಸಿಕೊಂಡು ಬಂದ, ಆದ್ರೂ ಗಿಡ ಬಿಡ್ಲಿಲ್ಲ. ಅವನು ಕಳಿಸಿದ ಬೀಜ, ಅವನ ಚಿತ್ರದಿಂದ ಫಿಚ್ ಅನ್ನೋ ಕಲಾವಿದ ಬಿಡಿಸಿದ ದೊಡ್ಡ ಚಿತ್ರ ನೋಡಿ ಇಂಗ್ಲೆಂಡಿನ ಶ್ರೀಮಂತರಿಗಿ ಹುಚ್ಚೇ ಹಿಡೀತು, ಎಕರೆಗಟ್ಲೆ ರೋಡೋಡೆಂಡ್ರಾನ್ ತೋಟ ಮಾಡಿದ್ರು. ಬೆನ್ನ ಮ್ಯಾಲ ಹೊರಿ ಹೊತ್ತು ಆ ಬೆಟ್ಟ ಹತ್ತಿದ ಮಂದಿ ಹೆಸರು ಗಿಡಕ್ಕ ಇಡ್ಲಿಲ್ಲ, ಗವರ್ನರ್ ಜನರಲ್ ಹೆಂಡ್ತಿ ಹೆಸರು ಇಟ್ರು, ಡಾಲ್‌ಹೌಸಿ ಅಂತ. ಖರೇ ಹೇಳ್ಬೇಕಂದ್ರ ಅದು ಓದಿ ನನಗ ಭಾಳ ಬ್ಯಾಸರ ಆತು. ಇನ್ನೊಂದು ಕಡಿ ಅವರು ತಂದ ಆ ಪಾಂಟಿಕಮ್ ಗಿಡ ತೋಟ ದಾಟಿ ಬ್ರಿಟನ್, ಐರ್ಲೆಂಡಿನ ಕಾಡು ಹೊಕ್ಕು ಕೆಳಗ ಬ್ಯಾರೆ ಒಂದು ಸಸಿ ಹುಟ್ಟಲಾರದಂಗ ಮಾಡ್ಯಾದ, ಈಗ ಕಡಿಲಿಕ್ಕೆ ರೊಕ್ಕ ಸುರೀಲಿಕತ್ತಾರ. ನಮ್ಮಲ್ಲಿ ಲಂಟಾನ, ಸರಕಾರಿ ಜಾಲಿ ಮಾಡಿದ್ದೂ ಅದೇ ಅಲ್ಲೇನು.

ಈಗ ನರ್ಸರಿ ಲೆಕ್ಕಕ್ಕ ಬರ್ತೀನಿ. ಡಿಸೆಂಬರಿನಾಗ ತಂದ ಗಿಡ 380 ರೂಪಾಯಿ, ಗೇಣುದ್ದ ಇತ್ತು, ಮೈತುಂಬ ಮೊಗ್ಗಿ. ಬೀದರಿನ ಕೆಂಪು ಮಣ್ಣು ಒಂದು ಚೀಲ 120, ಅದು ಜರಾ ತುಟ್ಟಿ ಅನಿಸ್ತು. ಮಣ್ಣಿನ ಕುಂಡ 90. ಕುಂಡ ತುಂಬಿ ಕೊಡೋದಕ್ಕ ಬ್ಯಾರೆ ರೊಕ್ಕ ಇಸಕೊಳ್ಳಲಿಲ್ಲ. ಚಾಚಾ ಅರ್ಧ ಕೆಂಪು ಮಣ್ಣು, ಉಳದಿದ್ದು ತೊಳದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎಲಿ ಗೊಬ್ಬರ, ಒಂದು ಚಮಚ ಗಂಧಕದ ಪುಡಿ ಹಾಕಿ ಕಲಿಸಿದ್ರು, ಕೋಕೋಪೀಟ್ ಎರಡು ಸಲ ತೊಳೀಬೇಕು ಅದರಾಗ ಉಪ್ಪು ಇರ್ತದ ಅಂದ್ರು. ಗಿಡದ ಬುಡ ಮುಚ್ಚಲಾರದಂಗ ಮೊದಲಿನ ಆಳಕ್ಕೇ ಕೂಡಿಸಿದ್ರು, ಮ್ಯಾಲ ಒಣಗಿದ ಎಲಿ ಹಾಸಿದ್ರು. ಕುಂಡ ಫರಸಿ ಮ್ಯಾಲ ಇಡಬ್ಯಾಡ ಬೇಟಿ, ಬಿಸಿಲಿಗಿ ಕಾದು ಬೇರು ಬೇಯ್ತಾವ, ಕೆಳಗ ಎರಡು ಇಟ್ಟಂಗಿ ಇಡು ಅಂತ ಹೇಳಿ ಕಳಿಸಿದ್ರು. ಇಂಥ ಮಾತು ಯಾವ ವಿಡಿಯೋದಾಗೂ ಸಿಗಂಗಿಲ್ಲ, ಫರಸಿ ಮನ್ಯಾಗ ಇದ್ದವರಿಗೇ ಗೊತ್ತು.

ಕೊರತಿ ಇಲ್ಲ ಅಂತಲ್ಲ. ಬಿಲ್ ಕೇಳಿದ್ರ ಚೀಟಿ ಮ್ಯಾಲ ಬರ್ದು ಕೊಡ್ತಾರ. ಫೋನ್‌ಪೇ ಅಲ್ಲಿ ನೆಟ್‌ವರ್ಕ್ ಸಿಗಲಾರದೆ ಭಾಳ ಸಲ ಹಿಡಕೊಂಡು ನಿಲ್ತದ, ಕೈಯಾಗ ರೊಕ್ಕ ಇರ್ಲಿ. ಐತವಾರ ಹೋಗಬ್ಯಾಡ್ರಿ, ಮದುವಿ ಡೆಕೋರೇಷನ್‌ದವರು ಬಂದು ನಿಂತಿರ್ತಾರ, ಮಾಲಕರಿಗಿ ನಿಮ್ಮ ಜೊತಿಗಿ ಮಾತಾಡ್ಲಿಕ್ಕೆ ಆಗಂಗಿಲ್ಲ. ಅವರ ಹತ್ರ ಗುಲಾಬಿ ನನಗ ಅಷ್ಟು ಸೇರ್ಲಿಲ್ಲ, ತಂದ ಎರಡರಾಗ ಒಂದರ ಬುಡದಾಗ ಕಾಡು ಚಿಗುರು ಬಂದು ಮ್ಯಾಲಿನ ಕಸಿ ಸತ್ತು ಹೋತು, ಹೇಳಿದ್ರ ಬದಲಿ ಕೊಟ್ರು, ಆದ್ರ ಅದು ಮೊದ್ಲೇ ನೋಡಿ ಕೊಡ್ಬೇಕಿತ್ತು.

ಹೂವು ಸಂಕ್ರಮಣದ ಹೊತ್ತಿಗಿ ಅರಳಿದ್ವು. ಒಂದು ಮುಂಜಾನಿ ಹಾಲು ತರ್ಲಿಕ್ಕೆ ಬಾಗಲ ತೆಗದೆ, ಮೂರು ಹೂವು ಒಮ್ಮಿಗೇ ಬಿಟ್ಟಿದ್ವು, ಅಂಚು ಬಿಳಿ, ಒಳಗ ಗುಲಾಬಿ, ಪಕಳಿ ಅಂಚು ರೇಷ್ಮಿ ಕುಪ್ಪಸದ ನಿರಿಗಿ ಹಂಗ, ಮ್ಯಾಲಿನ ಪಕಳಿ ಮ್ಯಾಲ ಕುಂಕುಮ ಉದುರಿಸಿದಂಗ ಸಣ್ಣ ಚುಕ್ಕಿ. ಎಲಿ ಮುಟ್ಟಿದ್ರ ಸಣ್ಣ ರೋಮ ಕೈಗಿ ಹತ್ತತಾವ. ಊಟಿಯ ಆ ಕೆಂಪು ಗೊಂಚಲದಷ್ಟು ಗತ್ತು ಇದಕ್ಕಿಲ್ಲ ಅನ್ನೋದು ಖರೇ, ಆದ್ರ ನಮ್ಮ ಅಂಗಳದಾಗ, ಕಲಬುರಗಿದಾಗ, ಅದೇ ಕುಲದ ಹೂವು. ಫೆಬ್ರವರಿ ಕಡೀ ತನಕ ಒಂದರ ಹಿಂದ ಒಂದು ಬಿಡ್ಕೋತ ಬಂದ್ವು. ಹೂ ಮುಗಿದ ಕೂಡ್ಲೇ ತುದಿ ಕತ್ತರಿಸಿದೆ, ತಡಾ ಮಾಡಿದ್ರ ಮುಂದಿನ ವರ್ಷದ ಮೊಗ್ಗಿ ಕತ್ತರಿಸಿದಂಗ ಆಗ್ತದ ಅಂತ ಹೇಳಿದ್ರು.

ಬ್ಯಾಸಗಿ ಅಂತೂ ಪರೀಕ್ಷಾನೇ ಆತು. ಏಪ್ರಿಲ್, ಮೇ ಬಂತಂದ್ರ ನಮ್ಮ ಊರಾಗ 43, 44 ಡಿಗ್ರಿ ಎಲ್ಲಾರಿಗೂ ಗೊತ್ತು. ಉತ್ತರ ದಿಕ್ಕಿನ ಗೋಡಿ ಬಾಜು ಇಟ್ಟು, ಮುಂದ ನೆಟ್ ಕಟ್ಟಿ, ಕುಂಡನ್ನ ಇನ್ನೊಂದು ದೊಡ್ಡ ಕುಂಡದಾಗ ಇಟ್ಟು ನಡುವ ಹಸಿ ಉಸುಕು ತುಂಬಿದೆ. ನೀರಿನ ಉಪಾಯ ಮಾಲಕರೇ ಹೇಳಿದ್ದು, ಎಸಿ ಪೈಪಿನಿಂದ ಹನಿ ಹನಿ ಬೀಳೋ ನೀರು. ಗಾಳಿದಾಗಿನ ತೇವ ತಣ್ಣಗಾಗಿ ಇಳದ ನೀರು ಅದು, ಅದರಾಗ ಸುಣ್ಣ ಇಲ್ಲ. ಬಕೇಟ್ ಇಟ್ಟು ಹಿಡದು ಅದನ್ನೇ ಹಾಕಿದೆ, ಕಡಿಮಿ ಬಿದ್ರ ಆರ್‌ಒ ಫಿಲ್ಟರ್ ನೀರು, ಮಳಿಗಾಲದಾಗ ಡ್ರಮ್ಮಿನಾಗ ಹಿಡದ ಮಳಿ ನೀರು. ಫಿಲ್ಟರ್ ಹೊರಗ ಬಿಡೋ ನೀರು ಮಾತ್ರ ಹಾಕಬ್ಯಾಡ್ರಿ, ಅದರಾಗ ಉಪ್ಪು ಇನ್ನೂ ಹೆಚ್ಚು. ಮೇ ಎರಡನೇ ವಾರ ಮದುವಿಗಿ ಅಂತ ಎರಡು ದಿನ ಅಫಜಲಪುರಕ್ಕ ಹೋಗಿ ಬಂದೆ, ಅಷ್ಟರಾಗ ಒಂದು ಟೊಂಗಿ ಪೂರಾ ಒಣಗಿತ್ತು. ಫೋಟೋ ಕಳಿಸಿದೆ, ಮಾಲಕರು ರಾತ್ರಿ ಒಂಬತ್ತಕ್ಕ ಫೋನ್ ಮಾಡಿ ಎಲ್ಲಿಗಿ ಕತ್ತರಿಸಬೇಕು ಅಂತ ಬೆರಳಳತಿ ಹೇಳಿದ್ರು. 380 ರೂಪಾಯಿ ಗಿಡಕ್ಕ ಐದು ತಿಂಗಳ ನಂತರ ಯಾರು ಫೋನ್ ಮಾಡ್ತಾರ?

ಮನ್ಯಾಗ ಸಣ್ಣ ಮಕ್ಕಳು, ಆಡು ಇದ್ದವರು ಇದೊಂದು ಕೇಳ್ರಿ. ಅಜೇಲಿಯಾ, ರೋಡೋಡೆಂಡ್ರಾನ್ ಎಲಿದಾಗ ವಿಷ ಅದ, ಆಡು ಕುರಿ ತಿಂದ್ರ ಜೀವಕ್ಕೇ ಬರಬಹುದು. ಇದರ ಕೆಲವು ಜಾತಿ ಮಕರಂದದಿಂದ ಆದ ಜೇನೂ ಹಂಗೇ. ಕ್ರಿ.ಪೂ. 401ರ ಸುಮಾರಿಗಿ ಕಪ್ಪು ಸಮುದ್ರದ ದಂಡಿಗಿ ಬಂದ ಗ್ರೀಕ್ ಸೈನಿಕರು ಅಂಥ ಜೇನು ತಿಂದು ನಿಲ್ಲಲಾರದೆ ನೆಲಕ್ಕ ಬಿದ್ರು ಅಂತ ಅವರ ನಾಯಕ ಝೆನೊಫನ್ ತಾನೇ ಬರ್ದಾನ. ಮೂರ್ನಾಕು ದಿನಕ್ಕ ಸುಧಾರಿಸಿಕೊಂಡು ಎದ್ದು ನಿಂತ್ರು.

ಕಡೀಕ ಒಂದು ವಿಷಯ, ಇದನ್ನ ನಮ್ಮ ಅತ್ತಿಗಿ ಹೇಳಿದಾಗ ಅವರು ಭಾಳ ಖುಷಿ ಪಟ್ರು. ರೋಡೋಡೆಂಡ್ರಾನ್ ಅಂದ್ರ ಗ್ರೀಕ್ ಮಾತಿನಾಗ ಗುಲಾಬಿ ಮರ. ಆದ್ರ ಹಳೀ ಗ್ರೀಕರು ಆ ಹೆಸರಿನಿಂದ ಕರೀತಿದ್ದದ್ದು ಈ ಗಿಡಕ್ಕಲ್ಲ, ಕಣಗಿಲಕ್ಕ. ನಮ್ಮ ಹಿತ್ತಲದಾಗ ಅತ್ತಿ ಹಚ್ಚಿದ ಕಣಗಿಲ ಇಪ್ಪತ್ತು ವರ್ಷದಿಂದ ಅದ, ಎರಿ ಮಣ್ಣು, ಬೋರ್ ನೀರು, 44 ಡಿಗ್ರಿ ಬಿಸಿಲು, ಯಾವುದಕ್ಕೂ ತಕರಾರಿಲ್ಲ, ದಿನಾ ಮುಂಜಾನಿ ಒಂದು ಬುಟ್ಟಿ ಹೂವು. ಶ್ರಾವಣ ಸೋಮವಾರಕ್ಕ ಅದೇ ಹೂವು ಶರಣಬಸವೇಶ್ವರ ಗುಡಿಗಿ ಒಯ್ತೀವಿ. ಅತ್ತಿ ಕೇಳಿ ಅಂದ್ರು, "ಅಂದ್ರ ಹಳೀ ರೋಡೋಡೆಂಡ್ರಾನ್ ನನ್ನ ಹಿತ್ತಲದಾಗೇ ಇತ್ತಲ್ಲವಾ, ನೀ ಊಟಿ ತನಕ ಯಾಕ ಹೋದಿ?" ನಾ ಈ ಮಾತು ನರ್ಸರಿದಾಗ ಹೇಳಿದೆ, ಮಾಲಕರು ಗಲ್ಲಾ ಬಾಜು ಇದ್ದ ಕಣಗಿಲದ ಸಸಿ ಒಂದಕ್ಕ ಗುಲಾಬಿ ಮರ ಅಂತ ಚೀಟಿ ಬರ್ದು ಕಟ್ಟ್ಯಾರ, ಹೋದ್ರ ನೋಡ್ರಿ, 40 ರೂಪಾಯಿ. ಅದರಾಗೂ ವಿಷ ಅದ, ಮಕ್ಕಳ ಕೈಗಿ ಕೊಡಬ್ಯಾಡ್ರಿ.

ಅಜೇಲಿಯಾ ಬೇಕು ಅನ್ನೋರು ಬ್ಯಾಸಗಿದಾಗ ಹೋಗಬ್ಯಾಡ್ರಿ, ಹೋದ್ರೂ ಅವರು ಕೊಡಂಗಿಲ್ಲ. ನವೆಂಬರ್ ಕಡೀ ವಾರ ಹೊಸ ಲೋಡ್ ಬರ್ತದ, ಮುಂಜಾನಿ ಹತ್ತರ ಒಳಗ ಹೋಗ್ರಿ, ನಿಮ್ಮ ಅಂಗಳದ ಒಂದು ಮುಷ್ಟಿ ಮಣ್ಣು ಚೀಟಿದಾಗ ಕಟಗೊಂಡು ಹೋಗ್ರಿ. ನನ್ನ ಗಿಡದಾಗ ಇವತ್ತಿಗಿ ಹನ್ನೊಂದು ಮೊಗ್ಗಿ ಎಣಿಸೀನಿ. ಬಿಳಿ ಹೂವಿಂದು ಒಂದು ಇರ್ಲಿ ಅಂತ ಚಾಚಾಗ ಹೇಳಿಟ್ಟೀನಿ, ಅದರ ಕುಂಡಕ್ಕ ಇಟ್ಟಂಗಿ ಎರಡು ನಿನ್ನೆನೇ ತೊಳದು ಉತ್ತರದ ಗೋಡಿ ಬಾಜು ಇಟ್ಟೀನಿ.